ಕೆಂಪು ಚುಕ್ಕೆಯ ಐದು ರೂಪಾಯಿ

ನಮ್ಮ ಕಾಲೇಜಿನಲ್ಲಿ ಆಯುಧಪೂಜೆಯ ದಿನ ಸ್ಟೇಪ್ಲರಿಗೂ ಕುಂಕುಮ ಬೀಳುತ್ತದೆ. ಝೆರಾಕ್ಸ್ ಮಷೀನಿಗೆ ಚೆಂಡುಹೂವಿನ ಹಾರ, ಕಂಪ್ಯೂಟರಿಗೆ ಗಂಧ, ನೀರಿನ ಫಿಲ್ಟರಿಗೆ ಅರಿಸಿನ, ಪ್ರಿನ್ಸಿಪಾಲರ ಕಾರಿನ ಚಕ್ರಕ್ಕೆ ನಿಂಬೆಹಣ್ಣು. ಗಂಟೆ ಹೊಡೆಯುವ ಕಬ್ಬಿಣದ ತುಂಡಿಗೂ ಒಂದು ಎಳೆ ಹೂವು ಸಿಗುತ್ತದೆ. ನನ್ನ ಫಿಸಿಕ್ಸ್ ಲ್ಯಾಬಿನ ಮೀಟರುಗಳ ಗಾಜಿಗೆ ಬಳಿದ ಗಂಧವನ್ನು ಉಜ್ಜಿ ತೆಗೆಯಲು ನನಗೆ ದೀಪಾವಳಿಯವರೆಗೆ ಬೇಕು. ಈ ಸಲವೂ ಎಲ್ಲದಕ್ಕೂ ಪೂಜೆಯಾಯಿತು, ಮೊದಲ ಮಹಡಿಯಲ್ಲಿ ಹುಡುಗಿಯರ ಶೌಚಾಲಯದ ಪಕ್ಕ ಗೋಡೆಗೆ ಕೂರಿಸಿದ ಒಂದು ಮಷೀನನ್ನು ಬಿಟ್ಟು.

ಅದು ಪ್ಯಾಡ್ ಮಷೀನು. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಪ್ಯಾಡ್ ಕೆಳಗೆ ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ದಾನಿಯೊಬ್ಬರು ಕೊಟ್ಟಿದ್ದು. ಅದರ ಮೇಲೆ ತಮ್ಮ ಹೆಸರು ಬರೆಸಬೇಡಿ ಎಂದು ಅವರೇ ಹೇಳಿದರಂತೆ. ನೀರಿನ ಫಿಲ್ಟರಿನ ಮೇಲೆ ತಂದೆ ತಾಯಿಯ ಫೋಟೋ ಸಮೇತ ಹೆಸರು ಕೆತ್ತಿಸಿದವರೂ ಇವರೇ.

ನಾನು ವಾಣಿ. ಶಿವಮೊಗ್ಗದ ದುರ್ಗಿಗುಡಿಯ ಈ ಖಾಸಗಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಮನೆ ಭದ್ರಾವತಿಯ ಜನ್ನಾಪುರದಲ್ಲಿ, ಓಡಾಟ ಬಸ್ಸಿನಲ್ಲಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಮೂಗು ಇರುವುದೇ ವಾಸನೆ ಹಿಡಿಯಲಿಕ್ಕೆ, ಏನು ಮಾಡಲಿ.

ಸೆಕೆಂಡ್ ಪಿಯು ಮಕ್ಕಳಿಗೆ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಬಂದಾಗ ನಾನು ಪ್ರತಿ ವರ್ಷ ಈ ಮಷೀನನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹುಡುಗರು ಮೊಣಕೈಯಿಂದ ತಿವಿದುಕೊಳ್ಳುತ್ತಾರೆ, ಹುಡುಗಿಯರು ಪುಸ್ತಕದೊಳಗೆ ಮುಖ ಹಾಕುತ್ತಾರೆ. ನಾನು ಬೋರ್ಡಿನ ಮೇಲೆ ದೊಡ್ಡದಾಗಿ ‘ಪ್ಯಾಡ್ ಮಷೀನ್’ ಎಂದು ಬರೆದು ಮುಂದುವರಿಯುತ್ತೇನೆ. ಅದರೊಳಗೆ ತಂತಿಯ ಎರಡು ಸುರುಳಿಗಳಿವೆ. ಒಂದರ ಪಕ್ಕದಲ್ಲಿ ಕಂಪನಿಯವರು ಮಾದರಿಗೆಂದು ಹಳದಿ ಬಣ್ಣದ ಐದು ರೂಪಾಯಿ ನಾಣ್ಯವೊಂದನ್ನು ಕಾಯಂ ಸಿಕ್ಕಿಸಿಟ್ಟಿದ್ದಾರೆ. ನಾವು ಹಾಕಿದ ನಾಣ್ಯ ಇಳಿಜಾರಿನಲ್ಲಿ ಉರುಳುತ್ತ ಇನ್ನೊಂದು ಸುರುಳಿಯ ಪಕ್ಕ ಹಾದುಹೋಗುತ್ತದೆ. ಲೋಹ ಹತ್ತಿರ ಬಂದಾಗ ಸುರುಳಿಯಲ್ಲಿ ಒಂದು ಬದಲಾವಣೆಯಾಗುತ್ತದೆ. ಅದು ಎಷ್ಟು ಎನ್ನುವುದು ಆ ಲೋಹ ಯಾವುದು, ಎಷ್ಟು ದಪ್ಪ, ಎಷ್ಟು ಅಗಲ ಎನ್ನುವುದರ ಮೇಲೆ ನಿಂತಿದೆ. ಎರಡೂ ಸುರುಳಿಗಳು ಒಂದೇ ಸಾಕ್ಷಿ ಹೇಳಿದರೆ ಒಳಗಿನ ಪುಟ್ಟ ಬಾಗಿಲು ತೆರೆದು ನಾಣ್ಯ ಡಬ್ಬಿಗೆ ಬೀಳುತ್ತದೆ, ಇಲ್ಲದಿದ್ದರೆ ಮಷೀನು ಅದನ್ನು ಹೊರಗೆ ಕಕ್ಕುತ್ತದೆ. ಹಳೆಯ ದಪ್ಪ ಬಿಳಿ ಐದು ರೂಪಾಯಿಯನ್ನೂ ಅದು ಕಕ್ಕುತ್ತದೆ, ಯಾಕೆಂದರೆ ಅದಕ್ಕೆ ಗೊತ್ತಿರುವುದು ಹಳದಿಯದೊಂದೇ.

ಅದಕ್ಕೆ ಇನ್ನೊಂದು ಅನುಮಾನವನ್ನೂ ಕಲಿಸಿದ್ದಾರೆ. ನಾಣ್ಯಕ್ಕೆ ದಾರ ಕಟ್ಟಿ ಇಳಿಸಿ, ಕೆಲಸವಾದಮೇಲೆ ಮೇಲೆಳೆದುಕೊಳ್ಳುವ ಕಳ್ಳರಿರುತ್ತಾರಲ್ಲ, ಅದಕ್ಕಾಗಿ ನಾಣ್ಯ ಎಷ್ಟು ಬೇಗ ಉರುಳಿತು ಎಂದೂ ನೋಡುತ್ತದೆ. ತಡವರಿಸಿಕೊಂಡು ಬಂದ ನಾಣ್ಯ ಅಸಲಿಯಾದರೂ ಅದರ ಲೆಕ್ಕದಲ್ಲಿ ಕಳ್ಳ.

ಈ ವರ್ಷ ಪಾಠದ ನಡುವೆ ಎರಡನೇ ಬೆಂಚಿನ ಇರಂ ಕೈ ಎತ್ತಿದಳು. “ಮೇಡಂ, ನಾಣ್ಯ ಹಾಕಿದ್ದು ಯಾರು ಅಂತ ಅದಕ್ಕೆ ಗೊತ್ತಾಗುತ್ತಾ?”

“ಇಲ್ಲಮ್ಮ,” ಎಂದೆ. “ಅಷ್ಟು ಕೆಟ್ಟ ಬುದ್ಧಿ ಅದಕ್ಕಿಲ್ಲ.”

ಇರಂ ಕೂಡ ಭದ್ರಾವತಿಯವಳು. ಅವಳಪ್ಪ ಜಮ್ಶೀದ್ ಅವರದು ಹಳೇನಗರದಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿ. ಫಿಸಿಕ್ಸಿನಲ್ಲಿ ಅವಳಿಗೆ ಬಂದಷ್ಟು ಮಾರ್ಕ್ಸು ತರಗತಿಯಲ್ಲಿ ಯಾರಿಗೂ ಬಂದಿಲ್ಲ. ಮಾತು ಕಡಿಮೆ, ಕೇಳುವ ಪ್ರಶ್ನೆ ಮಾತ್ರ ನೆಟ್ಟಗೆ ಬಂದು ತಾಗುತ್ತದೆ.

ಹುಡುಗಿಯರಿಗೆ ಹಳದಿ ನಾಣ್ಯ ಸಿಗುವುದು ಆಫೀಸಿನಲ್ಲಿ. ಹೊರಗೆ ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುವವರು, ಚಿಲ್ಲರೆ ಎಂದರೆ ಅಂಗಡಿಯವನು ಚಾಕಲೇಟು ಕೊಡುತ್ತಾನೆ. ಕಾಲೇಜಿನೊಳಗೆ ಮಕ್ಕಳಿಗೆ ಫೋನ್ ನಿಷಿದ್ಧ. ಹಾಗಾಗಿ ಗುಮಾಸ್ತ ಪ್ರಸನ್ನಕುಮಾರ್ ಮಷೀನಿನಿಂದ ತೆಗೆದ ನಾಣ್ಯವನ್ನೇ ನೋಟು ತಂದ ಹುಡುಗಿಯರಿಗೆ ಮತ್ತೆ ಕೊಡುತ್ತಾನೆ. ಪ್ರಸನ್ನ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳಬೇಕಾಗಿ ಬರುವ ಗಂಡಸರ ಬಗ್ಗೆ ನನಗೆ ಮೊದಲಿಂದಲೂ ಅನುಮಾನ.

ಅವನು ಆ ಡಬ್ಬಿ ಖಾಲಿ ಮಾಡುವುದನ್ನು ನೀವು ನೋಡಬೇಕು. ಕೈಗೆ ಪ್ಲಾಸ್ಟಿಕ್ ಕವರು ಸಿಕ್ಕಿಸಿಕೊಂಡು, ಮುಖವನ್ನು ಆಚೆ ತಿರುಗಿಸಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವನ ಹಾಗೆ ಡಬ್ಬಿಯನ್ನು ಎತ್ತುತ್ತಾನೆ. ನಾಣ್ಯಗಳನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಸುರಿಯುತ್ತಾನೆ. ಆಮೇಲೆ ಹುಡುಗಿಯರು ನೋಡುತ್ತಿರುವಂತೆಯೇ ಮೊಣಕೈಯವರೆಗೆ ಸೋಪು ಹಾಕಿ ತೊಳೆಯುತ್ತಾನೆ. ಆ ಮಷೀನಿನ ಬೀಗದಕೈಗೆ ಬಾಗಿಲ ಹಿಂದೆ ಬೇರೆಯೇ ಮೊಳೆ, ಉಳಿದ ಬೀಗದಕೈಗಳಿಗೆ ಅದು ತಾಗಬಾರದು. ನನಗೆ ಅಸಹ್ಯವಾಗುವುದು ಇಂಥದನ್ನು ನೋಡಿದಾಗ. ರಕ್ತ ನೋಡಿದರೆ ನನಗೆ ಏನೂ ಆಗುವುದಿಲ್ಲ.

ನವರಾತ್ರಿ ರಜೆ ಮುಗಿದು ಸ್ವಲ್ಪ ದಿನಕ್ಕೆ ಮಷೀನು ತಕರಾರು ತೆಗೆಯಿತು. ಹಾಕಿದ ನಾಣ್ಯ ವಾಪಸ್ ಬರುತ್ತಿದೆ ಎಂದು ಹುಡುಗಿಯರು ಹೇಳತೊಡಗಿದರು. ಪ್ರಸನ್ನ ಕಂಪನಿಗೆ ಫೋನ್ ಮಾಡಿದ. ನಾಣ್ಯ ನಕಲಿಯಾಗಿರಬೇಕು, ಇಲ್ಲ ಉರುಳುವ ದಾರಿಯಲ್ಲಿ ಕೊಳೆ ಕೂತಿರಬೇಕು, ಒಮ್ಮೆ ತೆರೆದು ಒರೆಸಿ ನೋಡಿ ಎಂದರಂತೆ. ಆ ಮಷೀನನ್ನು ಒರೆಸುವುದು ಯಾರು? ನಕಲಿ ಎನ್ನುವ ಅರ್ಧವನ್ನಷ್ಟೇ ಪ್ರಿನ್ಸಿಪಾಲರಿಗೆ ಮುಟ್ಟಿಸಿ ಅವನು ಸುಮ್ಮನಾದ.

ನವೆಂಬರಿನ ಒಂದು ಬುಧವಾರ ನನ್ನ ಲ್ಯಾಬಿನಲ್ಲಿ ಕಿರುಪರೀಕ್ಷೆ ನಡೆಯುತ್ತಿತ್ತು. ಇರಂ ಎದ್ದು ನಿಂತು ಹೊರಗೆ ಹೋಗಬೇಕು ಎಂದಳು. ಮುಖ ನೋಡಿದೊಡನೆ ವಿಷಯ ತಿಳಿಯಿತು, ಹೋಗು ಎಂದೆ. ಅವಳು ವಾಪಸ್ ಬರಲಿಲ್ಲ. ಗೆಳತಿಯೊಬ್ಬಳು ಬಂದು, ಇರಂ ಮನೆಗೆ ಹೋದಳೆಂದು ಹೇಳಿ ಅವಳ ಬ್ಯಾಗು ತೆಗೆದುಕೊಂಡು ಹೋದಳು.

ಮರುದಿನ ಪ್ರಿನ್ಸಿಪಾಲ್ ಗಣಪಯ್ಯನವರ ಕೋಣೆಯಿಂದ ನನಗೆ ಕರೆ ಬಂತು. ಗಣಪಯ್ಯ ಸಂಸ್ಕೃತ ಅಧ್ಯಾಪಕರಾಗಿದ್ದು ಪ್ರಿನ್ಸಿಪಾಲರಾದವರು. ದನಿ ಎತ್ತರಿಸಿದ್ದನ್ನು ನಾನು ಕೇಳಿಲ್ಲ, ಮಾತಿನ ಮೇಲೆ ಸದಾ ತುಪ್ಪ. ಕೋಣೆಯಲ್ಲಿ ಇರಂ ತಲೆ ತಗ್ಗಿಸಿ ನಿಂತಿದ್ದಳು. ಪ್ರಸನ್ನ ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿದ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಎದುರಾಗಿ ಕ್ಯಾಮೆರಾ ಕೂರಿಸಿದ ಗಂಡಸರು ಇವರು. ಪರದೆಯಲ್ಲಿ ಇರಂ ಮಷೀನಿಗೆ ಅಂಗೈಯಿಂದ ಬಡಿದಳು. ಆಮೇಲೆ ಸ್ಟೀಲಿನ ಸ್ಕೇಲನ್ನು ನಾಣ್ಯ ಹಾಕುವ ಕಿಂಡಿಗೆ ತುರುಕಿ ಮೀಟಿದಳು. ಕಿಂಡಿಯ ಮುಚ್ಚಳ ಕಿತ್ತು ಬಿತ್ತು.

“ನಕಲಿ ಹಾಕ್ತಿದ್ದೋರು ಯಾರು ಅಂತ ಈಗ ಗೊತ್ತಾಯ್ತಲ್ಲ ಮೇಡಂ,” ಎಂದ ಪ್ರಸನ್ನ. “ಇವರಪ್ಪಂದು ಲೇತು. ಐದ್ರೂಪಾಯಿ ಅಳತೆಗೆ ಬಿಲ್ಲೆ ಕತ್ತರಿಸಿ ಕೊಡೋದು ಅವರಿಗೇನು ಕಷ್ಟ?”

“ಅಂಥಾ ಬಿಲ್ಲೆ ಒಂದಾದ್ರೂ ಸಿಕ್ಕಿದ್ಯಾ ನಿಮಗೆ?”

“ಮಷೀನು ವಾಪಸ್ ಕೊಡುತ್ತಲ್ಲ ಮೇಡಂ. ನಮಗೆ ಸಿಗೋದು ಹೇಗೆ?”

ಬಿಲ್ಲೆ ಸಿಗದಿರುವುದೇ ಬಿಲ್ಲೆ ಇದ್ದದ್ದಕ್ಕೆ ಸಾಕ್ಷಿ! ನಾನು ಇರಂಳ ಕಡೆ ತಿರುಗಿ ಏನಾಯಿತೆಂದು ಕೇಳಿದೆ. ಅವಳು ಇಬ್ಬರು ಗಂಡಸರನ್ನೂ ಒಮ್ಮೆ ನೋಡಿ ಮತ್ತೆ ನೆಲ ನೋಡಿದಳು. ತುಟಿ ಬಿಚ್ಚಲಿಲ್ಲ.

“ನೋಡಿ ವಾಣಿಯವ್ರೇ,” ಎಂದರು ಗಣಪಯ್ಯ, “ಪೊಲೀಸು ಗಿಲೀಸು ಏನೂ ಬೇಡ. ಹೆಣ್ಣುಮಗು, ಭವಿಷ್ಯ ಇರೋದು. ಟಿಸಿ ಕೊಟ್ಟು ಕಳಿಸೋಣ. ನಾಳೆ ಅವರ ತಂದೆಗೆ ಬರೋಕೆ ಹೇಳಿದೀನಿ.”

ನವೆಂಬರಿನಲ್ಲಿ ಟಿಸಿ ಹಿಡಿದುಕೊಂಡು ಬಂದ ಸೆಕೆಂಡ್ ಪಿಯು ಹುಡುಗಿಯನ್ನು ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ? ಟಿಸಿ ಎಂದರೆ ಅವಳ ಪರೀಕ್ಷೆ ಹೋಯಿತು, ವರ್ಷ ಹೋಯಿತು, ಮೇಲೆ ಕಳ್ಳಿ ಎನ್ನುವ ಹೆಸರು. ಭವಿಷ್ಯದ ಚಿಂತೆ ಮಾಡುತ್ತಲೇ ಅದನ್ನು ಇಷ್ಟು ಮೃದುವಾಗಿ ಹಿಸುಕುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇರಂಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಅಲ್ಲಿ ಅವಳು ಬಾಯಿ ಬಿಟ್ಟಳು.

“ಹಾಕ್ದಾಗೆಲ್ಲ ವಾಪಸ್ ಬಂತು ಮೇಡಂ. ಕೊನೆಗೆ ಒಳಗೇ ಸಿಕ್ಕಾಕ್ಕೊಂತು. ನನ್ನ ಹತ್ರ ಇದ್ದಿದ್ದು ಅದೊಂದೇ. ಅದಕ್ಕೇ ಸ್ಕೇಲ್ ಹಾಕ್ದೆ.”

“ಆಫೀಸಿಗೆ ಹೋಗಿ ಇನ್ನೊಂದು ಕೇಳಬಾರ್ದಿತ್ತಾ ಮಾರಾಯ್ತಿ?”

“ಆ ಪ್ಯಾಂಟಲ್ಲಾ ಮೇಡಂ?”

ನಮ್ಮ ಹುಡುಗಿಯರ ಯೂನಿಫಾರ್ಮಿನ ಪ್ಯಾಂಟು ಬಿಳಿ. ಹದಿನಾರು ಹದಿನೇಳರ ಹೆಣ್ಣುಮಕ್ಕಳಿಗೆ ಬಿಳಿ ಪ್ಯಾಂಟು ಆರಿಸಿದ ಪುಣ್ಯಾತ್ಮ ಯಾರೋ, ಅವನಿಗೆ ಅಕ್ಕತಂಗಿಯರಿರಲಿಲ್ಲ ಎಂದುಕೊಳ್ಳುತ್ತೇನೆ.

“ಮನೇಲಿ ಹೇಳಿದೀಯಾ?”

“ಅಮ್ಮಿಗೆ ಗೊತ್ತು. ಅಬ್ಬಾಗೆ ಮಷೀನ್ ಮುರ್ದೆ ಅನ್ನೋದಷ್ಟೇ ಗೊತ್ತು. ಯಾಕೆ ಅಂತ ಕೇಳಿದ್ರು, ನಾನು ಹೇಳ್ಲಿಲ್ಲ.”

ನಾನು ಆಫೀಸಿಗೆ ಹೋಗಿ ಪ್ರಸನ್ನನ ಹತ್ತಿರ ಬೀಗದಕೈ ಕೇಳಿದೆ. ಅವನು ಅದನ್ನು ಕೈಯಿಂದ ಕೊಡಲಿಲ್ಲ. ಮೊಳೆಯನ್ನು ಗದ್ದದಿಂದ ತೋರಿಸಿದ. ನಾನೇ ತೆಗೆದುಕೊಂಡು ಮೇಲೆ ಹೋಗಿ ಮಷೀನು ತೆರೆದೆ.

ಇರಂಳ ನಾಣ್ಯ ಇಳಿಜಾರಿನ ನಡುವೆ ಅಂಟಿಕೊಂಡು ನಿಂತಿತ್ತು. ಉಗುರಿನಿಂದ ಎಬ್ಬಿಸಬೇಕಾಯಿತು. ಹಳದಿ ಐದು ರೂಪಾಯಿ, ಅಸಲಿ, ಎರಡೂ ಮುಖದ ಮೇಲೆ ಹಣೆಬೊಟ್ಟಿನಷ್ಟು ದೊಡ್ಡ ಕೆಂಪು ಚುಕ್ಕೆ. ಮೂಸಿ ನೋಡಿದೆ, ಆಯಿಲ್ ಪೇಂಟು. ಮೇಲೆ ಕೆನೆಗಟ್ಟಿ ಒಣಗಿದಂತಿದ್ದರೂ ಅಂಚಿನಲ್ಲಿ ಇನ್ನೂ ಮೆತ್ತಗಿತ್ತು, ಬೆರಳಿಗೆ ಹತ್ತಿತು. ನಾಣ್ಯ ಉರುಳುವ ದಾರಿಯ ಉದ್ದಕ್ಕೂ ಕೆಂಪು ಗೀರು. ಇಂಥ ನಾಣ್ಯಗಳು ಓಡಾಡಿ ಓಡಾಡಿ ದಾರಿಯೇ ಅಂಟಾಗಿತ್ತು. ಆಮೇಲೆ ಅದರಲ್ಲಿ ಎಂಥ ನಾಣ್ಯ ಹಾಕಿದರೂ ತಡವರಿಸುತ್ತದೆ, ಮಷೀನು ಅದನ್ನು ಕಳ್ಳನೆಂದು ಕಕ್ಕುತ್ತದೆ. ಡಬ್ಬಿಯಲ್ಲಿ ಉಳಿದಿದ್ದ ನಾಣ್ಯಗಳಿಗೂ ಅದೇ ಕೆಂಪು ಚುಕ್ಕೆ. ಕಂಪನಿಯವರು ಸಿಕ್ಕಿಸಿಟ್ಟ ಮಾದರಿ ನಾಣ್ಯ ಮಾತ್ರ ಮೈ ಮೇಲೆ ಒಂದು ಕಲೆಯಿಲ್ಲದೆ ಕೂತಿತ್ತು.

ಕೆಳಗೆ ಬಂದು ಇರಂಳ ನಾಣ್ಯವನ್ನು ಪ್ರಸನ್ನನ ಮೇಜಿನ ಮೇಲಿಟ್ಟೆ. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

“ಏನಿದು ಪ್ರಸನ್ನ?”

“ಓ, ಅದಾ? ಗುರುತಿಗೆ ಮೇಡಂ.”

“ಯಾವುದರ ಗುರುತು?”

ಅವನು ನಾಚಲಿಲ್ಲ, ಗಾಬರಿಯಾಗಲಿಲ್ಲ. ಒಳ್ಳೆಯ ಕೆಲಸದ ವಿವರ ಕೊಡುವವನಂತೆ ಹೇಳಿದ. ಸರಸ್ವತಿ ಪೂಜೆಯ ದಿನ ಆರತಿ ತಟ್ಟೆಗೆ ಚಿಲ್ಲರೆ ಸಾಲದೆ ಯಾರೋ ಅವನ ಮೇಜಿನ ಉಪ್ಪಿನಕಾಯಿ ಬಾಟಲಿಯಿಂದ ನಾಣ್ಯ ತೆಗೆದು ಹಾಕಿದರಂತೆ. ತಟ್ಟೆಯ ದುಡ್ಡು ಪೂಜೆಗೆ ಬಂದಿದ್ದ ಸುದರ್ಶನ ಭಟ್ಟರ ಮನೆ ಸೇರಿತಂತೆ. ಸಂಜೆ ಇವನಿಗೆ ತಿಳಿದು ಎದೆ ಧಸಕ್ಕೆಂದಿತಂತೆ.

“ದೇವರ ತಟ್ಟೆಗೆ ಬಿತ್ತಲ್ಲ ಮೇಡಂ! ನಾನೇ ಭಟ್ರ ಮನೆಗೆ ಹೋಗಿ ಹೇಳಿ, ನಾಣ್ಯ ಬದಲಾಯಿಸಿಕೊಟ್ಟು ಬಂದೆ. ಇನ್ನೊಂದ್ಸಲ ಹೀಗಾಗಬಾರದು ಅಂತ ಗುರುತು ಹಾಕ್ದೆ. ಬೆಂಚಿಗೆ ನಂಬರ್ ಬರೆದ ಪೇಂಟು ಉಳಿದಿತ್ತು. ವಾರ ವಾರ ಬಳೀತೀನಿ, ಕಿತ್ತು ಹೋಗುತ್ತೆ ನೋಡಿ.”

ವಾರ ವಾರ ಬಳಿಯುತ್ತಾನಂತೆ! ಒಣಗಲು ಬಿಡದೆ, ಒಂದರ ಮೇಲೊಂದು, ಕೈಗೆ ಕವರು ಹಾಕಿಕೊಂಡು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೇಳಿದೆ: “ಆ ಹುಡುಗಿಯರು ಫೀಸು ಕಟ್ಟೋ ನೋಟು? ಅದನ್ನೂ ಅವರು ಮುಟ್ಟೇ ಕೊಡೋದು. ನಿಮ್ಮ ಸಂಬಳ ಅದರಿಂದಲೇ ಬರೋದು.”

ಪ್ರಸನ್ನ ನಿಜವಾಗಿಯೂ ಯೋಚಿಸಿದ. ಆಮೇಲೆ ಹೇಳಿದ, “ಅದು ಬ್ಯಾಂಕಿಗೆ ಹೋಗಿ ಬರುತ್ತಲ್ಲ ಮೇಡಂ.”

ನಾಣ್ಯ ಎತ್ತಿಕೊಂಡು ಗಣಪಯ್ಯನವರ ಕೋಣೆಗೆ ಹೋದೆ. ನಾಣ್ಯ ತೋರಿಸಿ ಎಲ್ಲ ಹೇಳಿದೆ. ನಕಲಿಯೂ ಇಲ್ಲ, ಲೇತೂ ಇಲ್ಲ, ಮಷೀನು ಕೆಡಿಸಿದ್ದು ನಿಮ್ಮ ಗುಮಾಸ್ತ ಎಂದೆ. ಅವರು ನಾಣ್ಯವನ್ನು ದೂರದಿಂದಲೇ ನೋಡಿ ಕಣ್ಣು ಮುಚ್ಚಿ ತೆರೆದರು.

“ಪ್ರಸನ್ನ ಮಾಡಿದ್ದು ಸ್ವಲ್ಪ ಅತಿಯಾಯ್ತು,” ಎಂದರು. “ಆದರೆ ಅವನ ಭಾವನೆ ಒಳ್ಳೇದೇ.”

“ಭಾವನೆ ಒಳ್ಳೇದಾ ಸರ್?”

“ನಮ್ಮಲ್ಲಿ ಕೆಲವು ಆಚಾರ ಇರುತ್ತಲ್ಲ ಮೇಡಂ, ನಿಮಗೆ ಗೊತ್ತಿಲ್ಲದ್ದಾ. ಈ ಪೇಂಟಿನ ವಿಷಯ ನಾಳೆ ತೆಗೀಬೇಡಿ. ಹೊರಗೆ ಹೋದ್ರೆ ಕಾಲೇಜಿನ ಮರ್ಯಾದೆ ಏನಾಗುತ್ತೆ? ನಕಲಿ ನಾಣ್ಯದ ಮಾತು ಬಿಡೋಣ. ಆದರೆ ಮಷೀನು ಒಡೆದಿದ್ದು ಕ್ಯಾಮೆರಾದಲ್ಲಿದೆ. ಅದಕ್ಕೇನು ಹೇಳ್ತೀರಿ?”

“ಯಾಕೆ ಒಡೆದಳು ಅಂತ ಅವಳನ್ನ ಕೇಳಿ.”

“ಕೇಳಿದ್ವಲ್ಲ. ಬಾಯೇ ಬಿಡಲ್ಲ. ತಪ್ಪಿಲ್ಲದಿದ್ರೆ ಯಾಕೆ ಸುಮ್ಮನಿರ್ತಾಳೆ?”

ಯಾಕೆ ಸುಮ್ಮನಿರುತ್ತಾಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಸುಮ್ಮನಿರುತ್ತಾಳೆ ಎಂಬ ಧೈರ್ಯದ ಮೇಲೆಯೇ ಅವರ ನ್ಯಾಯ ನಿಂತಿದ್ದದ್ದು. ನನಗೆ ಪ್ರಸನ್ನನಿಗಿಂತ ಇವರನ್ನು ಕಂಡೇ ಹೆಚ್ಚು ಅಸಹ್ಯವಾಯಿತು. ಪ್ರಸನ್ನನದು ಮುಚ್ಚುಮರೆಯಿಲ್ಲದ ಕೊಳಕು, ಇವರದ್ದು ಇಸ್ತ್ರಿ ಮಾಡಿದ್ದು.

ಲ್ಯಾಬಿನಲ್ಲಿ ಕಾಯುತ್ತಿದ್ದ ಇರಂಗೆ ನಾಣ್ಯ ತೋರಿಸಿ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ನಾವು ಮುಟ್ಟಿದ್ದು ಅಂತ ಗುರುತಾ ಮೇಡಂ?”

“ಹೌದು.”

“ಆಫೀಸಲ್ಲಿ ನನಗೆ ಇದನ್ನ ಕೊಟ್ಟಾಗ ಚುಕ್ಕೆ ನೋಡ್ದೆ. ಯಾವುದೋ ಅಂಗಡಿಯವರು ಹಾಕಿರ್ತಾರೆ ಅಂದ್ಕೊಂಡೆ.”

“ನಾಳೆ ನೀನೇ ಮಾತಾಡ್ಬೇಕು ಇರಂ. ನಾನು ಹೇಳಿದ್ರೆ ಅದು ನನ್ನ ಜಗಳ ಆಗುತ್ತೆ. ಅವರಿಗೆ ಬೇಕಾಗಿರೋದೂ ಅದೇ.”

ಅವಳು ಮುಷ್ಟಿ ಮುಚ್ಚಿಕೊಂಡಳು. ನಾಣ್ಯವನ್ನು ನನಗೆ ವಾಪಸ್ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಜಮ್ಶೀದ್ ಬಂದರು. ಗಿಡ್ಡ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಎಣ್ಣೆಕಪ್ಪು. ಗಣಪಯ್ಯ ಕುರ್ಚಿ ತೋರಿಸಿದರು, ಅವರು ಕೂರಲಿಲ್ಲ. ಪ್ರಸನ್ನ ಗೋಡೆಗೆ ಒರಗಿ ನಿಂತಿದ್ದ. ಇರಂ ಅಪ್ಪನ ಹಿಂದೆ. ಗಣಪಯ್ಯ ತುಪ್ಪದ ಡಬ್ಬಿ ತೆರೆಯುವ ಮೊದಲೇ ಜಮ್ಶೀದ್ ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು.

“ಟಿಸಿಗೆ ಅರ್ಜಿ ಸರ್. ನನ್ನ ಲೇತಲ್ಲಿ ಕಳ್ಳ ಬಿಲ್ಲೆ ಕತ್ತರಿಸ್ತೀನಿ ಅಂದ್ರಂತಲ್ಲ. ಅಪ್ಪನ ಕಾಲದಿಂದ ಭದ್ರಾವತೀಲಿ ಲೇತ್ ಇಟ್ಕೊಂಡಿದೀವಿ, ಒಬ್ರೂ ಬೆರಳು ತೋರ್ಸಿಲ್ಲ. ಇಷ್ಟು ಇಜ್ಜತ್ ಇಲ್ಲದ ಕಡೆ ನನ್ನ ಮಗಳು ಓದೋದು ಬೇಡ.”

ಗಣಪಯ್ಯನವರ ಮುಖ ಅರಳಿತು. ಬೇಕಾದ್ದು ತಾನಾಗಿಯೇ ಮೇಜಿಗೆ ಬಂದಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದರು. ನನಗೆ ಈ ಇಬ್ಬರ ಮೇಲೂ ಕೋಪ ಬಂತು. 

“ಜಮ್ಶೀದ್ ಭಾಯ್,” ಎಂದೆ, “ನಿಮ್ಮ ಇಜ್ಜತ್ ಸರಿ. ಹೋಗೋದು ಅವಳ ವರ್ಷ. ಅವಳ ಮಾತು ಕೇಳಿದೀರಾ?”

“ಕೇಳಿದ್ರೆ ಹೇಳೋದಿಲ್ಲ ಮೇಡಂ. ನಾನೇನು ಮಾಡ್ಲಿ?”

“ಸರ್, ನೀವಾದ್ರೂ ಕೇಳಿ. ಮಗೂನ ಮಾತು ಕೇಳದೆ ಸೈನ್ ಹಾಕಿದ್ರೆ ನಾನಂತೂ ಇದನ್ನ ಇಲ್ಲಿಗೇ ಬಿಡಲ್ಲ.”

ಗಣಪಯ್ಯ ನಕ್ಕರು. ನಿನ್ನೆ ತುಟಿ ಬಿಚ್ಚದವಳು ಇವತ್ತು ಅಪ್ಪನ ಎದುರು, ಮೂವರು ಗಂಡಸರ ನಡುವೆ ಏನು ಹೇಳಿಯಾಳು ಎಂಬ ನಗು ಅದು. “ಆಯ್ತು, ಯಾರೂ ಅನ್ಯಾಯ ಅನ್ನಬಾರದು. ಏನಾಯ್ತು ಅಂತ ಹೇಳಮ್ಮ. ಏನೂ ಮುಚ್ಚಿಡದೆ, ಮೊದಲಿಂದ ಕೊನೇವರೆಗೆ ಪೂರ್ತಿ ಹೇಳು. ಎಲ್ಲರೂ ಕೇಳ್ತೀವಿ.”

ಇರಂ ಅಪ್ಪನ ಹಿಂದಿನಿಂದ ಮುಂದೆ ಬಂದಳು. ಮುಚ್ಚಿದ ಮುಷ್ಟಿಯನ್ನು ಬಿಚ್ಚಿ ಕೆಂಪು ಚುಕ್ಕೆಯ ನಾಣ್ಯವನ್ನು ಅರ್ಜಿಯ ಮೇಲಿಟ್ಟಳು.

“ಬುಧವಾರ ನಾನು ಮುಟ್ಟಾದೆ ಸರ್,” ಎಂದಳು.

ಪ್ರಸನ್ನ ತಕ್ಷಣ ಫ್ಯಾನಿನ ಕಡೆ ನೋಡಿದ. ಗಣಪಯ್ಯನವರ ಪೆನ್ನು ಗಾಳಿಯಲ್ಲೇ ನಿಂತಿತು.

“ಲ್ಯಾಬಲ್ಲಿದ್ದಾಗ ಆಯ್ತು. ಲೆಕ್ಕಕ್ಕಿಂತ ಎರಡು ದಿನ ಮುಂಚೇನೇ ಆಯ್ತು, ಅದಕ್ಕೇ ಬ್ಯಾಗಲ್ಲಿ ಪ್ಯಾಡ್ ಇರ್ಲಿಲ್ಲ. ಈ ನಾಣ್ಯ ಪ್ರಸನ್ನಕುಮಾರ್ ಸರ್ ಕೊಟ್ಟಿದ್ದು. ನಾವು ಮುಟ್ಟಿದ್ದು ದೇವರ ತಟ್ಟೆಗೆ ಹೋಗಬಾರದು ಅಂತ ಅವರು ಪೇಂಟ್ ಹಚ್ಚಿದಾರೆ. ಪೇಂಟ್ ಅಂಟಿ ನಾಣ್ಯ ಉರುಳ್ಲಿಲ್ಲ. ನಾನು ಹಾಕ್ತಾನೇ ಇದ್ದೆ, ಅದು ವಾಪಸ್ ಬರ್ತಾನೇ ಇತ್ತು. ಅಷ್ಟೊತ್ತಿಗೆ ರಕ್ತ ಪ್ಯಾಂಟಿಗೆ ಬಂದಿತ್ತು ಸರ್.”

“ಆಯ್ತಮ್ಮ, ಆಯ್ತು,” ಎಂದರು ಗಣಪಯ್ಯ. ಅವರ ಮುಖ ನಿಂಬೆಹಣ್ಣು ಕಚ್ಚಿದವರ ಹಾಗಾಗಿತ್ತು. “ಅದೆಲ್ಲ ಇಲ್ಲಿ ಯಾಕೆ? ಅರ್ಥ ಆಯ್ತು.”

“ಪೂರ್ತಿ ಹೇಳು ಅಂದ್ರಲ್ಲ ಸರ್.”

“ನಿನ್ನ ತಂದೆ ಇದಾರೆ ಇಲ್ಲಿ. ಅವರೆದುರು—”

ಜಮ್ಶೀದ್ ಮಗಳ ಕಡೆ ತಿರುಗಿದರು. ಅವರ ಕಿವಿ ಕೆಂಪಾಗಿತ್ತು. ನಾಚಿಕೆಯೋ ಸಿಟ್ಟೋ, ಎರಡೂ ಇರಬೇಕು. ಕುರ್ಚಿ ಎಳೆದುಕೊಂಡು ಕೂತರು. “ನಾನು ಕೇಳ್ತಾ ಇದೀನಿ ಸರ್,” ಎಂದರು. “ಹೇಳು ಬೇಟಾ.”

ಅವಳು ಹೇಳಿದಳು. ಸ್ಕೇಲು ಹಾಕಿದ್ದು, ಮುಚ್ಚಳ ಕಿತ್ತದ್ದು, ಶೌಚಾಲಯದ ನಲ್ಲಿಯಲ್ಲಿ ನೀರಿಲ್ಲದ್ದು, ನೋಟ್‌ಬುಕ್ಕಿನ ಹಾಳೆ ಹರಿದು ಮಡಚಿ ಇಟ್ಟುಕೊಂಡದ್ದು. ಒಂದೊಂದು ಮಾತಿಗೂ ಆ ಇಬ್ಬರು ಗಂಡಸರು ಬೆನ್ನಿಗೆ ಬಿಸಿನೀರು ಬಿದ್ದವರಂತೆ ಮೈ ಹಿಂಡಿಕೊಳ್ಳುತ್ತಿದ್ದರು. ಹುಡುಗಿಗೆ ಏನಾಯಿತು ಎನ್ನುವುದು ಅವರಿಗೆ ತಾಗುತ್ತಿರಲಿಲ್ಲ, ಆ ಪದಗಳು ತಮ್ಮ ಕಿವಿಗೆ ಬಿದ್ದವಲ್ಲ ಎನ್ನುವುದೇ ಅವರ ಕಷ್ಟ. ಅಸಹ್ಯಪಡುವುದಕ್ಕೂ ಒಂದು ಯೋಗ್ಯತೆ ಬೇಕು. ಇವರಿಗೆ ಅದೂ ಇರಲಿಲ್ಲ.

“ಸಾಕು, ಸಾಕಮ್ಮ!” ಗಣಪಯ್ಯನವರ ದನಿ ಎತ್ತರವಾದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. “ನಿನ್ನ ಮೇಲೆ ಏನೂ ಕ್ರಮ ಇಲ್ಲ. ಟಿಸಿ ಗಿಸಿ ಏನೂ ಇಲ್ಲ. ಎಲ್ಲಾ ಮುಗೀತು. ಕ್ಲಾಸಿಗೆ ಹೋಗು.”

ಅವರು ಅರ್ಜಿಯನ್ನು ಜಮ್ಶೀದ್ ಕಡೆಗೆ ತಳ್ಳಲು ಕೈ ಚಾಚಿದರು. ಮೇಲೆ ನಾಣ್ಯ ಕೂತಿತ್ತು. ಕೈ ಅರ್ಧಕ್ಕೇ ನಿಂತಿತು. ಜಮ್ಶೀದ್ ತಾವೇ ಎದ್ದು ಅರ್ಜಿಯನ್ನು ಎಳೆದುಕೊಂಡು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು. ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತರು.

“ಹೋಗಮ್ಮ, ಕ್ಲಾಸ್ ಶುರುವಾಗಿದೆ,” ಎಂದರು ಗಣಪಯ್ಯ ಮತ್ತೊಮ್ಮೆ. ಈಗ ಅದು ಬೇಡಿಕೊಂಡಂತಿತ್ತು.

ಇರಂ ಕದಲಲಿಲ್ಲ.

“ಇನ್ನೂ ಮುಗಿದಿಲ್ಲ ಸರ್,” ಎಂದಳು. “ಆಮೇಲೆ ನಾನು ಭದ್ರಾವತಿ ಬಸ್ ಹತ್ತಿದೆ. ಬಸ್ಸಲ್ಲಿ ಸೀಟೆಲ್ಲ ಖಾಲಿ ಇತ್ತು. ಕಂಡಕ್ಟರು ಕೂತ್ಕೋ ಕೂತ್ಕೋ ಅಂದ್ರು. ನಾನು ಕೂರ್ಲಿಲ್ಲ. ಊರು ಬರೋವರೆಗೂ ನಿಂತೇ ಹೋದೆ.”